ಕಾಲಿನ ತೂಕದ ಬೆಲ್ಲ

ಮುರಿದ ಕಾಲು ಕೂಡಿದರೆ ಮನುಷ್ಯನಿಗೆ ಸುಖ ಎಂದು ತಿಳಿದವರು ಬೈಲಹೊಂಗಲದ ಹಿಟ್ಟಿನ ಗಿರಣಿ ನಿಜಗುಣಪ್ಪನನ್ನು ಒಮ್ಮೆ ಕೇಳಿ ನೋಡಬೇಕು. ಕಾಲು ಮುರಿದಿದ್ದಾಗ ಅವನು ಆರಾಮ ಇದ್ದ. ಹಾಸಿಗೆಯಲ್ಲಿ ಒರಗಿ ಬಂದವರಿಗೆಲ್ಲ ತಾನು ಬಿದ್ದ ಕತೆ ಹೇಳುವುದು, ಅವರು ತಂದ ಬಾಳೆಹಣ್ಣು ತಿನ್ನುವುದು, ಇಷ್ಟೇ ಕೆಲಸ. ಕೋಲು ಬಿಟ್ಟು ಅಂಗಳದ ತನಕ ನಡೆದು ತೋರಿಸಿದನೋ ಇಲ್ಲವೋ, ಹೆಂಡತಿ ಸಾವಿತ್ರೆವ್ವ ಕಣ್ಣೊರೆಸಿಕೊಂಡು, "ಇನ್ನ ಹರಕಿ ತೀರಸೂಣ ನಡೀರಿ" ಅಂದಳು. ತ್ರಾಸು ಶುರುವಾದದ್ದು ಅಲ್ಲಿಂದ.

ಹರಕೆಯ ಕತೆ ಹೀಗೆ. ಹಿಂದಿನ ವರ್ಷ ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿ ಹಾದಿಯಲ್ಲಿ, ಯಾವುದೋ ಟ್ರಾಲಿಯಿಂದ ಉದುರಿದ ಒಂದೇ ಒಂದು ಕಬ್ಬಿನ ಮೇಲೆ ನಿಜಗುಣಪ್ಪನ ಸ್ಕೂಟರ್ ಹಾಯಿತು. ಸ್ಕೂಟರ್ ಒಂದು ಕಡೆ, ಇವನು ಒಂದು ಕಡೆ, ಬಲಗಾಲಿನ ಪಾದ ಮಾತ್ರ ತನಗೆ ಬೇಕಾದ ಕಡೆ ಮುಖ ಮಾಡಿ ಬಿದ್ದಿತ್ತು. ದವಾಖಾನೆಯಲ್ಲಿ ಡಾಕ್ಟರು, "ಕಾಲು ಉಳಿಯೂದು ಕಷ್ಟ, ತೆಗೀಬೇಕಾಗಬಹುದು" ಅಂದರು. ಸಾವಿತ್ರೆವ್ವ ಅಲ್ಲಿಯೇ ಗೋಡೆಗೆ ಹಣೆ ಹಚ್ಚಿ ನಿಂತು, ತಮ್ಮೂರ ಹೊರಗಿನ ಮಠದ ಗದ್ದುಗೆಗೆ ಬೇಡಿಕೊಂಡಳು. "ಈ ಕಾಲೊಂದು ಉಳಿಸಿಕೊಡೋ ನನ್ನಪ್ಪಾ. ಕಾಲಿನ ತೂಕದ ಬೆಲ್ಲ ನಿನ್ನ ದಾಸೋಹಕ್ಕ ಮುಟ್ಟಸ್ತೇನಿ. ಅದು ಮುಟ್ಟೂ ಮಟಾ ನಾ ಸಿಹಿ ಬಾಯಾಗ ಇಡೂದಿಲ್ಲ." ಬೇಡಿಕೊಂಡವಳು ಸುಮ್ಮನೆ ಕೂಡಲಿಲ್ಲ, ಆಪರೇಶನ್ನಿಗೆ ತನ್ನದೇ ಒಂದು ಬಾಟಲಿ ರಕ್ತವನ್ನೂ ಕೊಟ್ಟಳು. ಒಳಗೊಂದು ಸ್ಟೀಲಿನ ರಾಡ್ ಹಾಕಿಸಿಕೊಂಡು ಕಾಲು ಉಳಿಯಿತು.

ಸಿಹಿ ಬಿಡುವುದೇನು ಮಹಾ ಎಂದು ಕೇಳುವವರು ಈ ಹೆಂಗಸನ್ನು ಕಂಡವರಲ್ಲ. ಸಾವಿತ್ರೆವ್ವನ ತವರು ಕಟಕೋಳ, ತಂದೆಯದು ಬೆಲ್ಲದ ಗಾಣ. ನಡೆಯಲು ಕಲಿಯುವ ಮೊದಲೇ ಬಿಸಿ ಬೆಲ್ಲ ನೆಕ್ಕಿದವಳು. ಮದುವೆಯಾಗಿ ಬಂದ ಮೇಲೂ ಚಾಕ್ಕೆ ಬೆಲ್ಲ, ರೊಟ್ಟಿಗೆ ಬೆಲ್ಲ ತುಪ್ಪ, ಉಂಡ ಮೇಲೆ ಬಾಯಿಗೆ ಒಂದು ಚೂರು ಬೆಲ್ಲ. ಇಂಥವಳು ಸಪ್ಪನ ಚಾ ಕುಡಿಯತೊಡಗಿದಳು. ನಾಗರ ಪಂಚಮಿಗೆ ತವರಿಗೆ ಹೋಗಿ, ಜೋಕಾಲಿ ಆಡಿ, ಒಂದೂ ಉಂಡಿ ಮುಟ್ಟದೆ ತಿರುಗಿ ಬಂದಳು. ಅಣ್ಣನ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನು ನಿಜಗುಣಪ್ಪನ ಮುಂದಿಟ್ಟು, "ಎಳ್ಳುಂಡಿ ಚಲೋ ಆಗ್ಯಾವಂತ್ರಿ" ಅಂದಳು. ಅವನು ತಿಂದು, ಹೌದು, ಚಲೋ ಆಗ್ಯಾವು ಅಂದ.

ಒಂದು ಪೆಂಟಿ ಬೆಲ್ಲ ಒಯ್ದು ಮಠದಲ್ಲಿಟ್ಟು ಬಂದರೆ ಮುಗಿಯುತ್ತಿತ್ತಲ್ಲ ಅಂತೀರಿ. ಗಂಡ ಬೇರೆ ಯಾರಾದರೂ ಆಗಿದ್ದರೆ ಮುಗಿಯುತ್ತಿತ್ತು. ನಿಜಗುಣಪ್ಪನ ಗಿರಣಿಯಲ್ಲಿ ಜೋಳ ಎಷ್ಟು ಬಂತೋ ಅಷ್ಟೇ ಹಿಟ್ಟು ಹೋಗಬೇಕು. ಕಲ್ಲಿಗೆ ಅಂಟಿದ ಹಿಟ್ಟನ್ನೂ ಬ್ರಷ್ಷಿನಿಂದ ಕೆರೆದು ಗಿರಾಕಿಯ ಚೀಲಕ್ಕೆ ಹಾಕುವ ಪೈಕಿ ಅವನು. ಇಂಥವನಿಗೆ ಮಠದ ಅಡುಗೆಯ ಬಸವಣ್ಣೆಪ್ಪ, "ಕಣ್ಣಂದಾಜಿಗೆ ಹತ್ತೋ ಹನ್ನೆರಡೋ ಕಿಲೋ ತಂದು ಹಾಕ್ರಿ, ಹುಗ್ಗಿ ಮಾಡೂಣು" ಅಂದದ್ದೇ ತಪ್ಪಾಯಿತು.

"ಕಡಿಮ್ಯಾದ್ರ ದೇವ್ರಿಗೆ ಮೋಸ ಮಾಡಿದಂಗ. ಹೆಚ್ಚಾದ್ರ ದೇವ್ರ ಮುಂದ ದೊಡ್ಡಸ್ತಿಕಿ ಮಾಡಿದಂಗ. ಕಾಲಿನ ತೂಕ ಅಂದ ಮ್ಯಾಲೆ ಕಾಲಿನ ತೂಕ" ಅಂದ ನಿಜಗುಣಪ್ಪ.

ಸರಿ, ಮೈಗೆ ಹತ್ತಿಕೊಂಡಿರುವ ಕಾಲನ್ನು ತೂಗುವುದು ಹೇಗೆ? ಗಿರಣಿಯ ತೂಕದ ಕಾಟಾದ ಪಕ್ಕ ಕುರ್ಚಿ ಹಾಕಿಕೊಂಡು ಕಾಲನ್ನು ಮೇಲಿಟ್ಟ. ಒತ್ತಿದರೆ ಇಪ್ಪತ್ತು ಕಿಲೋ, ಸಡಿಲ ಬಿಟ್ಟರೆ ನಾಲ್ಕು. ಹಿಟ್ಟು ಬೀಸಿಸಲು ಬಂದವರೆಲ್ಲ ತಮ್ಮ ತಮ್ಮ ಕಾಲು ಇಟ್ಟು ನೋಡಿ ನಕ್ಕು ಹೋದರು. ಪಕ್ಕದ ಕಿರಾಣಿ ಅಂಗಡಿಯ ಅಲ್ಲಾಸಾಬ ಇನ್ನೊಂದು ಉಪಾಯ ಹೇಳಿದ. ಡ್ರಮ್ಮಿನ ತುಂಬ ನೀರು ತುಂಬಿ, ಕಾಲನ್ನು ತೊಡೆಯ ಬುಡದ ತನಕ ಇಳಿಸುವುದು, ಚೆಲ್ಲಿದ ನೀರನ್ನು ಹಿಡಿದು ತೂಗುವುದು. ಮಾಡಿದರು. ಒಂಬತ್ತೂವರೆ ಕಿಲೋದ ಮೇಲೆ ತುಸು ಬಂತು. ಅಲ್ಲಾಸಾಬ ಬೆಲ್ಲ ತರಲು ಅಂಗಡಿಗೆ ಓಡಿಯೂ ಓಡಿದ. ನಿಜಗುಣಪ್ಪ ಒದ್ದೆ ಕಾಲಿನಲ್ಲಿ ನಿಂತು, "ಇದು ನೀರಿನ ತೂಕ, ನನ್ನ ಕಾಲಿಂದಲ್ಲ" ಅಂದುಬಿಟ್ಟ.

ಇದು ಪಂಚಮಿಗಿಂತ ಮೊದಲಿನ ಮಾತು. ಆಮೇಲೆ ದಸರಾ ಬಂತು, ದೀಪಾವಳಿ ಬಂತು, ಸಂಕ್ರಾಂತಿಯೂ ಹೋಯಿತು. ಮೊದಮೊದಲು ಸಾವಿತ್ರೆವ್ವ ದಿನಾ ಕೇಳುತ್ತಿದ್ದಳು, ಆಮೇಲೆ ವಾರಕ್ಕೊಮ್ಮೆ ಕೇಳಿದಳು, ಈಚೆಗೆ ಕೇಳುವುದನ್ನೇ ಬಿಟ್ಟಿದ್ದಳು. ಹೆಂಡತಿ ಕೇಳುವುದನ್ನು ಬಿಟ್ಟರೆ ಗಂಡನಾದವನಿಗೆ ನಿದ್ದೆ ಹತ್ತಬಾರದು ಎಂಬುದು ನನ್ನ ಅಭಿಪ್ರಾಯ. ನಿಜಗುಣಪ್ಪ ಗೊರಕೆ ಹೊಡೆಯುತ್ತಿದ್ದ.

ಯುಗಾದಿ ಅಮಾವಾಸ್ಯೆಯ ಬೆಳಿಗ್ಗೆ ಎದುರುಮನೆಯ ಕೃಷ್ಣವ್ವ ಮೊಮ್ಮಗಳಿಗೆ ಹೆಸರಿಟ್ಟ ಸಂಭ್ರಮದಲ್ಲಿ ತಾಟಿನ ತುಂಬ ಹೋಳಿಗೆ ತಂದಳು. ಸಾವಿತ್ರೆವ್ವ ಎರಡೂ ಕೈಯಿಂದ ತೆಗೆದುಕೊಂಡು, "ಭಾಳ ತೆಳ್ಳಗ ಬಂದಾವಬೇ" ಎಂದು ಹೊಗಳಿ, ತಾಟನ್ನು ಹಂಗೇ ಗಂಡನ ಮುಂದೆ ಸರಿಸಿದಳು. ಅವನು ಒಂದು ಮುರಿದು ಬಾಯಿಗಿಟ್ಟ.

ಕೃಷ್ಣವ್ವ ಸೊಂಟದ ಮೇಲೆ ಕೈಯಿಟ್ಟಳು. "ಏ ನಿಜಗುಣಿ, ಗಂಟಲದಾಗ ಇಳೀತೇನೋ ತಮ್ಮಾ? ವರ್ಷಾತು ಆಕಿ ನಾಲಗಿ ಕಟಗೊಂಡು. ನಿನ್ನ ಕಾಲಿನ ಸಲುವಾಗಿ!"

"ಅದಕ್ಕ ನಾ ಏನ್ ಮಾಡ್ಲೆಬೇ ಅಕ್ಕಾ. ತೂಕ ಸಿಗವಲ್ದು."

"ತೂಕ ಸಿಗೂದಿಲ್ಲ ನಿನಗ. ನಿನ್ನ ಕಾಲು ತೂಗಬೇಕಂದ್ರ ಕಡದ ತೂಗಬೇಕು. ಇಳಿಗಿ ತರ್ಲೇನು?"

"ಬಿಡಬೇ ಯಕ್ಕಾ" ಅಂದಳು ಸಾವಿತ್ರೆವ್ವ. "ನನಗೇನು ಆಸೆ ಇಲ್ಲ ಈಗ." ಅಂದವಳೇ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಮಾತು ಯಾಕೋ ನಿಜಗುಣಪ್ಪನಿಗೆ ಚುಚ್ಚಿತು. ಕೈಯಲ್ಲಿದ್ದ ಅರ್ಧ ಹೋಳಿಗೆಯನ್ನು ಏನು ಮಾಡಬೇಕೋ ತಿಳಿಯದೆ ಕೂತ.

ಅಷ್ಟರಲ್ಲಿ ಅಲ್ಲಾಸಾಬ ಅಂಗಡಿಯ ತಕ್ಕಡಿಯನ್ನು ಬಿಟ್ಟು ಓಡಿಬಂದ. "ಅಣ್ಣಾ! ಏಳ್ರಿ ಅಣ್ಣಾ! ಕಾಲು ತೂಗೂ ಮಿಷನ್ ಬಂದೈತಿ ಕಲ್ಯಾಣ ಮಂಟಪಕ್ಕ!"

"ಕಾಲೊಂದ ತೂಗತೈತೇನು?"

"ಕಾಲು, ಕೈ, ರುಂಡ, ಮುಂಡ, ಏನ ಬೇಕಾದ್ದು ಬ್ಯಾರೆ ಬ್ಯಾರೆ ತೂಗತೈತಿ. ಕಡೀದನ, ಬಿಚ್ಚದನ, ಮುಟ್ಟದನ! ಕಾಲೇಜಿನವರು ತಂದಾರ. ಇವತ್ತೊಂದ ದಿನಾ ಇರ್ತಾರಂತ, ಲಗೂ ಧೋತರ ಸುತಗೋರಿ."

ನಿಜಗುಣಪ್ಪ ಎದ್ದು ನಿಂತ. ಅವನ ಮುಖ ಕಂಡು ಕೃಷ್ಣವ್ವನೂ ಬೈಯುವುದನ್ನು ನಿಲ್ಲಿಸಿದಳು. "ಸಾವಿತ್ರಿ, ಒಲಿ ಆರಸು. ಇವತ್ತು ಅಮಾಸಿ, ಮಠದಾಗ ಹುಗ್ಗಿ ದಾಸೋಹ ಐತಿ. ಇವತ್ತ ನಿನ್ನ ಬಾಯಿ ಸಿಹಿ ಮಾಡಲಿಲ್ಲಂದ್ರ ನನ್ನ ಹೆಸರು ನಿಜಗುಣಪ್ಪ ಅಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಅಂದ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಮುಂದೆ ನಿಜಗುಣಪ್ಪ, ಹಿಂದೆ ಸಾವಿತ್ರೆವ್ವ, ಅವಳ ಹಿಂದೆ ಕೃಷ್ಣವ್ವ, ಅಂಗಡಿಗೆ ಬೀಗ ಜಡಿದ ಅಲ್ಲಾಸಾಬ, ಹಿಟ್ಟಿನ ಚೀಲ ಇಟ್ಟು ಕಾಯುತ್ತಿದ್ದ ನಾಲ್ಕಾರು ಗಿರಾಕಿಗಳು. ಹೀಗೆ ಒಂದು ಸಣ್ಣ ಮೆರವಣಿಗೆಯೇ ಕಲ್ಯಾಣ ಮಂಟಪಕ್ಕೆ ಹೋಯಿತು. ಮದುಮಕ್ಕಳು ಕೂಡುವ ಜಾಗದಲ್ಲಿ ಒಂದು ತಿರುಗುವ ಹಲಗೆ, ಅದರ ಎದುರು ಕ್ಯಾಮೆರಾ ಹಚ್ಚಿದ ಎರಡು ಕಂಬ, ಬಾಜೂಕೆ ಒಂದು ದೊಡ್ಡ ಕಂಪ್ಯೂಟರ್ ಪರದೆ ಇದ್ದವು. ಉಸ್ತುವಾರಿ ನೋಡುತ್ತಿದ್ದವಳು ಮೀನಾ ಎಂಬ ಹುಡುಗಿ. ರಾಮದುರ್ಗದವಳು, ಇಂಜಿನಿಯರಿಂಗ್ ಮುಗಿಸಿ ಸಂಶೋಧನೆ ಮಾಡುತ್ತಿದ್ದಳು.

"ಕೃತಕ ಕಾಲು ಮಾಡೂ ಕೆಲಸ ರೀ ಕಾಕಾ ನಮ್ದು" ಅಂದಳು ಅವಳು. "ಕಾಲು ಹೋದವರಿಗೆ ಹೊಸಾ ಕಾಲು ಮಾಡಬೇಕಂದ್ರ, ಇದ್ದ ಕಾಲು ಎಷ್ಟು ತೂಕ ಇರತೈತಿ, ಯಾವ ಆಕಾರ ಇರತೈತಿ ಅಂತ ಗೊತ್ತಿರಬೇಕಲ್ರಿ. ಹಳೇ ಪುಸ್ತಕದಾಗಿನ ಲೆಕ್ಕ ಎಲ್ಲಾ ಹೊರದೇಶದ ಹೆಣಾ ಕಡದು ತೂಗಿದ್ದು. ನಮ್ಮ ಕಡೀ ಮಂದಿ ಮೈಕಟ್ಟ ಬ್ಯಾರೆ."

"ಅಯ್ಯ ಶಿವನ!" ಅಂದಳು ಕೃಷ್ಣವ್ವ, ಇಳಿಗೆಯ ಮಾತು ನೆನಪಾಗಿ ಬಾಯಿಗೆ ಸೆರಗು ಹಿಡಿದಳು.

"ಮಿಷನ್ ಬರೇ ಬೆಳಕು ಬಿಟ್ಟು ನೋಡತೈತಿ, ಮುಟ್ಟೂದಿಲ್ಲ. ಆದ್ರ ಕಾಕಾ, ಧೋತರ, ಅಂಗಿ ಬಿಚ್ಚಿ ಈ ಬಿಗಿ ಚಡ್ಡಿ ಹಾಕ್ಕೊಂಡ ನಿಲ್ಲಬೇಕು."

"ಇಷ್ಟ ಮಂದ್ಯಾಗ? ಏ, ಆಗೂದಿಲ್ಲವಾ. ಧೋತರದಾಗ ನೋಡಲಿ."

"ಧೋತರದ ನಿರಿಗಿ ಎಲ್ಲಾ ಕಾಲಿನ ಲೆಕ್ಕಕ್ಕ ಸೇರತಾವ್ರೀ."

ಈ ಮಾತು ಕೇಳಿದ್ದೇ ಅವನು ಧೋತರಕ್ಕೆ ಕೈ ಹಚ್ಚಿದ. ಧೋತರದ ತೂಕವನ್ನು ದೇವರಿಗೆ ಕಾಲಿನ ತೂಕ ಎಂದು ಒಪ್ಪಿಸುವುದಕ್ಕಿಂತ ಮಾನ ಹೋದರೂ ಚಿಂತೆಯಿಲ್ಲ ಎಂಬ ಜಾತಿಯ ಮನುಷ್ಯ. ಅಡ್ಡ ಕಟ್ಟಿದ ಬಟ್ಟೆಯ ಹಿಂದಿನಿಂದ ಕರಿ ಚಡ್ಡಿ, ಕೂದಲು ಮುಚ್ಚುವ ರಬ್ಬರಿನ ಟೊಪ್ಪಿಗೆ ಹಾಕಿಕೊಂಡು, ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಬಂದಾಗ ಅವನ ಗಿರಾಕಿಗಳೇ ಅವನನ್ನು ಗುರುತಿಸಲಿಲ್ಲ. ಸಾವಿತ್ರೆವ್ವ ಬೇರೆ ಕಡೆ ತಿರುಗಿದಳು. ನಗು ತಡೆಯಲಾಗದೆ ಅವಳ ಹೆಗಲು ಕುಣಿಯುತ್ತಿದ್ದವು. ಅವಳು ನಕ್ಕು ಎಷ್ಟೋ ದಿನವಾಗಿತ್ತು.

ಹಲಗೆ ಮೆಲ್ಲಗೆ ತಿರುಗತೊಡಗಿತು. "ಅಳಗಾಡಬ್ಯಾಡ್ರಿ ಕಾಕಾ" ಅಂದಳು ಮೀನಾ. ಮೂವತ್ತು ವರ್ಷ ಹಿಟ್ಟಿನ ದೂಳು ಕುಡಿದ ಮೂಗು ಯಾರ ಮಾತು ಕೇಳುತ್ತದೆ? ಹಲಗೆ ಅರ್ಧ ಸುತ್ತು ತಿರುಗಿತ್ತು, ನಿಜಗುಣಪ್ಪ ಮಂಟಪ ನಡುಗುವಂತೆ ಸೀನಿದ. ಪರದೆಯ ಮೇಲೆ ಬೂದಿ ಬಣ್ಣದ ಒಬ್ಬ ನಿಜಗುಣಪ್ಪ ಮೂಡಿಬಂದ. ಅವನಿಗೆ ಮೂರು ಕಾಲಿದ್ದವು.

"ಹೋತಲ್ಲೋ ಅಣ್ಣಾ!" ಅಲ್ಲಾಸಾಬ ಚಪ್ಪಾಳೆ ಹೊಡೆದ. "ಮೂರು ಕಾಲಿನ ತೂಕದ ಬೆಲ್ಲ! ನನ್ನ ಅಂಗಡ್ಯಾಗಿನ ಪೆಂಟಿ ಎಲ್ಲಾ ಖಾಲಿ!"

"ಅಳಗಾಡಿದ್ದಕ್ಕ ಹಂಗ ಆತ್ರಿ, ಇನ್ನೊಮ್ಮೆ ನಿಲ್ರಿ" ಅಂದಳು ಮೀನಾ. ಇನ್ನೊಮ್ಮೆ ನಿಂತ. ಆಗ ಒಬ್ಬ ಗಿರಾಕಿ, "ಗಿರಣಿ ಯಾವಾಗ ಚಾಲೂ ಮಾಡತೀರಿ?" ಎಂದು ಕೇಳಿದ್ದಕ್ಕೆ ಇವನು ತಿರುಗಿ ನೋಡಿದ. ಈ ಸಲ ಎರಡು ಮೂಗು ಬಂದವು. ಮತ್ತೊಮ್ಮೆ ನಿಲ್ಲಿಸಿ, ಕೃಷ್ಣವ್ವ ಎಲ್ಲರ ಬಾಯಿ ಮುಚ್ಚಿಸಿ, ಅಲ್ಲಾಸಾಬ ದೂರದಿಂದ ಮೂಗು ಹಿಡಿದುಕೊಂಡು ತೋರಿಸಿ, ಅಂತೂ ಎರಡೇ ಕಾಲಿನ ನಿಜಗುಣಪ್ಪ ಪರದೆಗೆ ಬಂದ. ಮೀನಾ ಆ ಬೊಂಬೆಯನ್ನು ಹಿಂದೆ ಮುಂದೆ ತಿರುಗಿಸಿದಳು. ತನ್ನ ಬೆನ್ನನ್ನು ಎಂದೂ ಕಾಣದ ಮನುಷ್ಯ, "ನಾ ಹಿಂದಿಂದ ಹಿಂಗ ಕಾಣತೇನೇನು?" ಎಂದು ಮೆಲ್ಲಗೆ ಕೇಳಿದ. ಹೌದೆಂದು ಐದಾರು ಮಂದಿ ಒಮ್ಮೆಗೇ ಅಂದರು.

"ಈಗ ಎಲ್ಲಿಂದ ಕಡೀಲಿ?" ಕೇಳಿದಳು ಮೀನಾ, ಪರದೆಯ ಮೇಲೆ ಒಂದು ಕೆಂಪು ಗೆರೆ ಎಳೆಯುತ್ತ. ಕಾಲು ಎಲ್ಲಿಂದ ಶುರುವಾಗುತ್ತದೆ ಎಂಬ ಮೇಲೆ ಜಗಳ ಹತ್ತಿತು. ಮೊಣಕಾಲಿನಿಂದ ಅಂದ ಒಬ್ಬ. ತೊಡೆಯ ನಡುವಿನಿಂದ ಅಂದ ಇನ್ನೊಬ್ಬ. ಹರಕೆ ಹೊತ್ತವಳನ್ನು ಕೇಳಿರಿ ಅಂದಳು ಕೃಷ್ಣವ್ವ.

ಸಾವಿತ್ರೆವ್ವ ಪರದೆಯ ಹತ್ತಿರ ಹೋಗಿ, ಬೊಂಬೆಯ ಸೊಂಟದ ಕೆಳಗೆ ಬೆರಳಿಟ್ಟಳು. "ಇಲ್ಲಿಂದ ಯವ್ವಾ. ಡಾಕ್ಟರು ಇಲ್ಲೀ ಮಟಾ ತೆಗೀಬೇಕಾಗತೈತಿ ಅಂತ ಕೈ ಮಾಡಿ ತೋರಿಸಿದ್ರು." ಜಗಳ ಅಲ್ಲಿಗೆ ನಿಂತಿತು. ನಿಜಗುಣಪ್ಪ ಚಡ್ಡಿಯಲ್ಲಿ ನಿಂತಿದ್ದನ್ನು ಮರೆತು ಹೆಂಡತಿಯ ಬೆರಳನ್ನೇ ನೋಡಿದ. ಆ ಹೊತ್ತು ಅವನು ಮೂರ್ಛೆಯಲ್ಲಿದ್ದ, ಅವಳೊಬ್ಬಳೇ ನಿಂತು ಅದನ್ನೆಲ್ಲ ನೋಡಿದ್ದಳು. ಇಷ್ಟು ದಿನ ಅದು ಅವನ ತಲೆಗೆ ಹೋಗಿಯೇ ಇರಲಿಲ್ಲ.

ಆದರೆ ಸ್ವಭಾವ ಸ್ವಭಾವವೇ. ಮರುಕ್ಷಣ ಅಂದ, "ತಂಗೀ, ಒಳಗಿನ ರಾಡ್ ನಂದಲ್ಲವಾ, ದವಾಖಾನೀದು. ಅದನ್ನ ಕಳದ ಹೇಳು. ಮತ್ತ ಬಲಗಾಲು ಮುರದ ಮ್ಯಾಲೆ ಸೊರಗೇತಿ. ಇಕಿ ಹರಕಿ ಹೊತ್ತಾಗ ಅದು ತುಂಬಿತ್ತು. ಆವಾಗಿನ ತೂಕ ಬೇಕು ನನಗ."

ಮೀನಾ ತಲೆ ಕೆರೆದುಕೊಂಡಳು. ಕೊನೆಗೆ ಅವಳೇ ಹಾದಿ ಹುಡುಕಿದಳು. ಎಡಗಾಲು ಮುರಿದಿಲ್ಲ, ಸೊರಗಿಲ್ಲ, ರಾಡ್ ಇಲ್ಲ, ಅದರ ತೂಕವನ್ನೇ ಹಿಡಿದರಾಯಿತು. ನಿಜಗುಣಪ್ಪನಿಗೆ ಇದು ಒಪ್ಪಿತು. ಮುರಿಯುವ ಮೊದಲು ಎರಡೂ ಕಾಲು ಒಂದೇ ಸಮ ಇದ್ದವು ಎಂದ.

"ಹತ್ತು ಕಿಲೋ, ನೂರಾ ನಲವತ್ತು ಗ್ರಾಂ."

ಮಂಟಪದಲ್ಲಿ ಎಲ್ಲರೂ ಹೋ ಎಂದರು. ನಿಜಗುಣಪ್ಪ ಆ ಮಿಷನ್ನಿಗೆ ಕೈಮುಗಿದ. ಗ್ರಾಮಿನ ತನಕ! ಇಷ್ಟು ದಿನ ಕಾದದ್ದು ಸಾರ್ಥಕವಾಯಿತು ಅಂದುಕೊಂಡ. ಕಣ್ಣಲ್ಲಿ ನೀರು ಬಂತು. "ಬರೋಬ್ಬರಿ ಅಲ್ಲೇನವಾ ತಂಗಿ? ಒಂದ ಗ್ರಾಂ ಆಚೀಚಿ ಇಲ್ಲಲ್ಲ?"

"ಬರೋಬ್ಬರಿ ಹೆಂಗ ಅನ್ನಾಕ ಬರತೈತ್ರಿ ಕಾಕಾ? ಇದು ಅಂದಾಜು. ಅರ್ಧಾ ಕಿಲೋ ಹೆಚ್ಚೂ ಇರಬಹುದು, ಕಡಿಮೀನೂ ಇರಬಹುದು."

"ಅಂದಾಜು?"

"ಹೌದ್ರಿ. ಮಿಷನ್ನಿಗೆ ಬರೇ ಆಕಾರ ಕಾಣತೈತಿ. ಕಾಲು ಎಷ್ಟು ಜಾಗಾ ಹಿಡಿದೈತಿ ಅಂತ ಅದು ಹೇಳತೈತಿ. ಎಲಬು, ಮಾಂಸ, ಕೊಬ್ಬು ಎಲ್ಲಾ ಕೂಡಿ ಲೀಟರಿಗೆ ಇಷ್ಟು ತೂಕ ಅಂತ ಒಂದು ಸರಾಸರಿ ಹಿಡಿದು ನಾ ಗುಣಿಸೇನಿ. ನಿಮ್ಮ ಎಲಬು ಎಷ್ಟು ಗಟ್ಟಿ, ಕೊಬ್ಬು ಎಷ್ಟೈತಿ, ಯಾರಿಗೆ ಗೊತ್ರಿ?"

ಅಲ್ಲಾಸಾಬನ ಕಿವಿ ನೆಟ್ಟಗಾಯಿತು. "ಹಂಗಂದ್ರ ತಂಗಿ, ಡ್ರಮ್ಮಿನ್ಯಾಗ ಕಾಲಿಟ್ಟು, ಚೆಲ್ಲಿದ ನೀರು ತೂಗಿದ್ರ?"

"ಅದೂ ಇದ ರೀ ಕಾಕಾ! ನೀವು ನೀರಿನ್ಯಾಗ ಮಾಡಿದ್ರಿ, ನಾವು ಬೆಳಕಿನ್ಯಾಗ ಮಾಡತೇವಿ. ನೀರಿನ ತೂಕಕ್ಕ ತುಸು ಕೂಡಿಸಿದ್ರ ಮುಗೀತು. ಎಷ್ಟ ಬಂದಿತ್ರಿ?"

ಅಲ್ಲಾಸಾಬ ನಿಜಗುಣಪ್ಪನ ಕಡೆ ತಿರುಗಿದ. ನಿಜಗುಣಪ್ಪ ಮದುಮಕ್ಕಳ ವೇದಿಕೆಯ ಮೆಟ್ಟಿಲ ಮೇಲೆ ಚಡ್ಡಿಯಲ್ಲಿಯೇ ಕುಸಿದು ಕೂತಿದ್ದ. ಪಂಚಮಿಗಿಂತ ಮೊದಲೇ ಡ್ರಮ್ಮಿನಲ್ಲಿ ಸಿಕ್ಕಿದ್ದ ಉತ್ತರಕ್ಕಾಗಿ ಹೆಂಡತಿಯ ಪಂಚಮಿ, ದಸರಾ, ದೀಪಾವಳಿ ಎಲ್ಲ ಸಪ್ಪಗೆ ಮಾಡಿದ್ದನಲ್ಲ! ಡ್ರಮ್ಮೂ ಅಂದಾಜು, ಮಿಷನ್ನೂ ಅಂದಾಜು, ಬಸವಣ್ಣೆಪ್ಪನ ಕಣ್ಣೂ ಅಂದಾಜು. ತನ್ನ ಹಟ ಒಂದೇ ಬರೋಬ್ಬರಿ.

"ತಪ್ಪಾತು ಸಾವಿತ್ರಿ" ಅಂದ. ಮದುವೆಯಾದಾಗಿನಿಂದ ಈ ಮಾತು ಅವನ ಬಾಯಿಂದ ಬಂದದ್ದನ್ನು ಆಕೆ ಕೇಳಿರಲಿಲ್ಲ.

"ಆತು, ಏಳ್ರಿ. ಮಠದಾಗ ಎಸರು ಇಟ್ಟಿರತಾರ. ಮೊದಲ ಧೋತರ ಉಟಗೋರಿ" ಅಂದಳು ಅವಳು.

ಅಲ್ಲಾಸಾಬನ ಅಂಗಡಿಯಲ್ಲಿ ಬೆಲ್ಲ ತೂಗಿದರು. ಅಂದಾಜಿನ ತೂಕವಾದರೇನು, ಅದನ್ನಾದರೂ ಸರಿಯಾಗಿ ತೂಗಬೇಡವೇ? ಒಂದು ದೊಡ್ಡ ಪೆಂಟಿ ಇಟ್ಟು, ಅದರ ಮೇಲೆ ಚೂರು ಹಾಕುತ್ತ, ಚೂರು ತೆಗೆಯುತ್ತ, ಕೊನೆಗೆ ಕಾಟಾದ ಮೇಲೆ ಕೂತ ನೊಣವನ್ನೂ ಓಡಿಸಿ ನಿಜಗುಣಪ್ಪ ತೃಪ್ತನಾದ. ಬುಟ್ಟಿ ಹೊತ್ತು ಆಟೋದಲ್ಲಿ ಮಠಕ್ಕೆ ಹೋದರು. ಇವನು ಬುಟ್ಟಿಯನ್ನು ಕೆಳಗಿಟ್ಟು, ಗೇಟಿನ ಹೊರಗೆ ಬಗ್ಗಿ ಚಪ್ಪಲಿ ಬಿಡುವಷ್ಟರಲ್ಲಿ ಮಠದ ಆಕಳು ಬಂದು ಬೆಲ್ಲಕ್ಕೆ ಒಂದು ಉದ್ದ ನಾಲಗೆ ಸವರಿತು. ಓಡಿಸುವ ಮೊದಲೇ ಇನ್ನೊಮ್ಮೆ ಸವರಿ, ಒಂದು ಮೂಲೆ ಮುರಿದುಕೊಂಡೇ ಹೋಯಿತು.

ನಿಜಗುಣಪ್ಪ ನಿಂತಲ್ಲೇ ನಿಂತ. "ಅಲ್ಲಾಸಾಬ, ಎಷ್ಟ ಹೋಗಿರಬೇಕೋ?"

"ಅಣ್ಣಾ, ಈಗ ಆಕಳನ್ನೂ ಮಿಷನ್ನಿಗೆ ನಿಲ್ಲಸೂದಾ?"

"ತಿರುಗಿ ಹೋಗಿ ತೂಗಿ ಬರೂಣು."

ದಾಸೋಹದ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಬಸವಣ್ಣೆಪ್ಪ ಅಲ್ಲಿಂದಲೇ ಒದರಿದ. "ನಿಜಗುಣಪ್ಪಾರ, ಗೋದಿ ಬೆಂದು ಕೂತಾವು! ಮಂದಿ ಹಸದು ಕೂತಾರ! ನಾ ಹೇಳಿ ವರ್ಷಾಗಾಕ ಬಂತು ಅಂದಾಜಿಗೆ ಹಾಕ್ರಿ ಅಂತ. ಈಗ ತರತೀರೋ, ನಾ ಸಪ್ಪನ್ನ ಹುಗ್ಗೀನ ಬಡಸ್ಲೋ?"

ನಿಜಗುಣಪ್ಪ ಹೆಂಡತಿಯನ್ನು ನೋಡಿದ. ಅವಳು ಬಿಸಿಲಲ್ಲಿ ನಿಂತಿದ್ದಳು. ಅವನು ಬುಟ್ಟಿ ಎತ್ತಿಕೊಂಡು ಸೀದಾ ಒಳಗೆ ಹೋದ. ಗದ್ದುಗೆಗೆ ತೋರಿಸಿ, ಆಕಳು ನೆಕ್ಕಿದ ಬೆಲ್ಲವನ್ನು ಹಾಗೆಯೇ ಹಂಡೆಗೆ ಸುರಿದ. ಬೆಲ್ಲ ಕರಗಿ ಘಮ ಎದ್ದಿತು. ಸಾವಿತ್ರೆವ್ವ ಗದ್ದುಗೆಯ ಮುಂದೆ ಬಹಳ ಹೊತ್ತು ತಲೆ ಬಗ್ಗಿಸಿದ್ದು, ಎದ್ದಾಗ ಅವಳ ಮುಖ ಹಗುರಾಗಿತ್ತು. "ತೀರಿತಪ್ಪಾ" ಅಂದಳು.

ಪಂಕ್ತಿ ಕೂತಿತು. ತಾಟುಗಳಿಗೆ ಬಿಸಿ ಗೋದಿ ಹುಗ್ಗಿ ಬಿತ್ತು, ಮೇಲೆ ತುಪ್ಪ ಬಿತ್ತು. ನಿಜಗುಣಪ್ಪ ತನ್ನ ತಾಟನ್ನು ಬಿಟ್ಟೆದ್ದು, ಎಲ್ಲರ ಮುಂದೆ, ಹೆಂಗಸರ ಸಾಲಿಗೆ ಹೋಗಿ ಹೆಂಡತಿಯ ಎದುರು ಮೊಣಕಾಲೂರಿ ಕೂತ. ರಾಡ್ ಇದ್ದ ಕಾಲು ಚುರುಕ್ ಅಂದರೂ ಲೆಕ್ಕಿಸಲಿಲ್ಲ. ಅವಳ ತಾಟಿನಿಂದ ಒಂದು ತುತ್ತು ತೆಗೆದು, ಊದಿ ಆರಿಸಿ, ಬಾಯಿಯ ಹತ್ತಿರ ಹಿಡಿದ. ಕೃಷ್ಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಾಸಾಬ ಆಚೆಯ ಸಾಲಿನಿಂದ, "ವೈನೀ, ತಿನ್ರಿ ತಿನ್ರಿ!" ಎಂದು ಕೂಗಿದ.

ಸಾವಿತ್ರೆವ್ವ ಆ ತುತ್ತನ್ನು ಗಂಡನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ತಿರುಗಿ ತಾಟಿಗಿಟ್ಟಳು.

"ಯಾಕ? ಹರಕಿ ತೀರೇತಲ್ಲ?"

"ತೀರೇತ್ರಿ."

"ಮತ್ತ ತಿನ್ನು."

ಅವಳು ಆಚೀಚೆ ನೋಡಿ, ಅವನಿಗಷ್ಟೇ ಕೇಳುವಂತೆ ಅಂದಳು. "ನನಗ ಸಕ್ರಿ ಬ್ಯಾನಿ ಐತ್ರಿ."

ನಿಜಗುಣಪ್ಪ ಮೊದಲು ನಕ್ಕ. ಆಮೇಲೆ ನಗು ಮುಖದ ಮೇಲೆ ಹಾಗೇ ಉಳಿಯಿತು. "ಸುಳ್ಳ ಹೇಳಬ್ಯಾಡ. ನೀ ವರ್ಷದಿಂದ ಸಿಹೀನ ತಿಂದಿಲ್ಲ."

"ತಿನ್ನದಿದ್ರೂ ಬರತೈತಂತ. ನಮ್ಮವ್ವಗೂ ಇತ್ತಲ್ರಿ. ಸಂಕ್ರಾಂತಿ ಮುಂದ ತಲಿ ತಿರುಗಾಕತ್ತಿತ್ತಂತ ಸರಕಾರಿ ದವಾಖಾನಿಗೆ ಹೋಗಿದ್ದೆ. ಆವಾಗ ಹೇಳಿದ್ರು. ಇನ್ನ ಜೀವ ಇರೂ ಮಟಾ ಸಿಹಿ ಮುಟ್ಟಬ್ಯಾಡ್ರಿ ಅಂದ್ರು."

"ಹೋದ ವರ್ಷ ನನಗ ರಕ್ತಾ ಕೊಟ್ಟಾಗ..."

"ಆವಾಗ ತಪಾಸ ಮಾಡಿದ್ರು. ಏನೂ ಇರಲಿಲ್ಲ." ಅವಳು ಸೆರಗು ಸರಿ ಮಾಡಿಕೊಂಡಳು. "ಹೆಂಗೂ ತಿನ್ನೂ ಹಂಗಿಲ್ಲ, ಅವಸರ ಯಾಕಂತ ನಾನೂ ಕೇಳೂದು ಬಿಟ್ಟೆ. ನಿಮಗ ಹೇಳಿದ್ರ ಗಾಬರ್ಯಾಗಿ ಅವತ್ತ ಅಂದಾಜಿಗೆ ಬೆಲ್ಲ ಹಾಕಿ ಬರತಿದ್ರಿ. ಆಮ್ಯಾಲೆ ಕಡಿಮ್ಯಾತೋ ಹೆಚ್ಚಾತೋ ಅಂತ ಸಾಯೂ ಮಟಾ ಒದ್ದಾಡತಿದ್ರಿ. ನಿಮ್ಮ ಸ್ವಭಾವ ನನಗ ಗೊತ್ತಿಲ್ಲೇನ್ರಿ?"

ಡ್ರಮ್ಮಿನ ಪಕ್ಕ ಒದ್ದೆ ಕಾಲಿನಲ್ಲಿ ನಿಂತು ತಾನಾಡಿದ ಮಾತಿಗೆ ನಿಜಗುಣಪ್ಪನಿಗೆ ನಾಚಿಕೆಯಾಯಿತು, ಸಂಕಟವಾಯಿತು. ಅವತ್ತು ಹೂಂ ಅಂದಿದ್ದರೆ ಎಷ್ಟು ಉಂಡಿ, ಎಷ್ಟು ಹೋಳಿಗೆ, ಎಷ್ಟು ಕಪ್ಪು ಬೆಲ್ಲದ ಚಾ ಇವಳ ಹೊಟ್ಟೆ ಸೇರುತ್ತಿತ್ತು! ಬೆಲ್ಲದ ಗಾಣದ ಮನೆಯ ಮಗಳ ಕೊನೆಯ ಸಿಹಿ ದಿನಗಳನ್ನು ತಾನು ತೂಗುತ್ತ ಕೂತು ಕಳೆದಿದ್ದ.

"ಒಂದ ಚೂರು ತಿನ್ನು" ಅಂದ, ಎರಡು ಬೆರಳಿನಲ್ಲಿ ಒಂದಿಷ್ಟೇ ಇಷ್ಟು ಹಿಡಿದು. "ಅಂದಾಜಿಗೆ... ಇಷ್ಟ. ಇಷ್ಟಕ್ಕ ಏನೂ ಆಗೂದಿಲ್ಲ."

ಸಾವಿತ್ರೆವ್ವ ನಕ್ಕಳು. ಆ ನಗೆಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಚಲೋ ಆಗುತ್ತಿತ್ತು. "ಈ ಮಾತು ಪಂಚಮ್ಯಾಗ ಅಂದಿದ್ರ ಆಗತಿತ್ತಲ್ರಿ" ಅಂದಳು. ಬಡಿಸುವವರಿಂದ ಒಂದು ರೊಟ್ಟಿ ಕೇಳಿ ಇಸಿದುಕೊಂಡು, ತನ್ನ ಹುಗ್ಗಿಯ ತಾಟನ್ನು ಅವನ ಕಡೆ ಸರಿಸಿದಳು. "ತಿನ್ರಿ, ಆರತೈತಿ. ಪ್ರಸಾದ ಬಿಡಬಾರದು."

ಮಠದ ಪ್ರಸಾದ, ಬಿಟ್ಟೇಳುವಂತಿಲ್ಲ. ತುಪ್ಪ ಹಾಕಲು ಬಂದ ಬಸವಣ್ಣೆಪ್ಪ ಇವನ ಮುಖ ನೋಡಿ ಒಂದು ಚಮಚ ಹೆಚ್ಚೇ ಹಾಕಿ ಮುಂದೆ ಹೋದ. ನಿಜಗುಣಪ್ಪ ಹೆಂಡತಿಯ ಎದುರೇ ಕೂತು, ಅಳುತ್ತ, ಅವಳ ಪಾಲಿನ ಹುಗ್ಗಿಯನ್ನೆಲ್ಲ ತಾನೇ ಉಂಡ.